ಕನ್ನಡ ಬಾರದ ಅಧ್ಯಾಪಕರು ಕನ್ನಡ ಶಾಲೆಗೆ: ಹಿಡಿಯಬೇಕಾದ್ದು ಪಂಚಾಯತನ್ನೋ, ತಿರುವನಂತಪುರವನ್ನೋ, ದಿಲ್ಲಿಯನ್ನೋ?

ಪ್ರಶ್ನೆ (ಎಲ್.ಪಿ., ಅಂದರೆ ಕಿರಿಯ ಪ್ರಾಥಮಿಕ ಶಾಲೆಯ ಮಗುವಿನ ತಾಯಿ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆ): ಸರಕಾರಿ ಎಲ್.ಪಿ. ಶಾಲೆಯ ಕನ್ನಡ ಮಾಧ್ಯಮದ ಎರಡನೇ ಕ್ಲಾಸಿಗೆ ಕನ್ನಡ ಓದಲು ಬಾರದವರು ನೇಮಕವಾಗಿದ್ದಾರೆ. ಪಂಚಾಯತಿನಲ್ಲಿ ಕೇಳಿದರೆ "ನಮ್ಮ ಕೈಯಲ್ಲಿಲ್ಲ, ಎಂ.ಪಿ.ಯವರಿಗೆ ಹೇಳಿ" ಎಂದರು. ಇನ್ನೊಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ "ಮಲಯಾಳದಲ್ಲಿ ಬರೆದು ತನ್ನಿ" ಎಂದು ವಾಪಸು ಕೊಟ್ಟರು. ನಿಜಕ್ಕೂ ಇದು ಯಾರ ಕೆಲಸ?

ನಿವೃತ್ತ ಪಂಚಾಯತು ಸೆಕ್ರೆಟರಿ: ಅಕ್ಕ, ಆ ಶಾಲೆಗೆ ಒಬ್ಬ ಯಜಮಾನ ಇಲ್ಲ. ಕೇರಳದಲ್ಲಿ 1995ರಲ್ಲಿ ಕೃಷಿಭವನ, ಪ್ರಾಥಮಿಕ ಆರೋಗ್ಯ ಕೇಂದ್ರ, ಮೃಗಾಸ್ಪತ್ರೆಗಳ ಜತೆ ಸರಕಾರಿ ಎಲ್.ಪಿ. ಶಾಲೆಗಳನ್ನೂ ಗ್ರಾಮ ಪಂಚಾಯತಿಗೆ ಬಿಟ್ಟುಕೊಟ್ಟರು. ಕೊಟ್ಟದ್ದು ಕಟ್ಟಡ, ದುರಸ್ತಿ, ಆವರಣಗೋಡೆ, ಶೌಚಾಲಯ. ಅಧ್ಯಾಪಕರ ಸಂಬಳ, ವರ್ಗಾವಣೆ, ಶಿಸ್ತುಕ್ರಮ ಎಲ್ಲವೂ ವಿದ್ಯಾಭ್ಯಾಸ ಇಲಾಖೆಯಲ್ಲೇ ಉಳಿಯಿತು. ಖಾಯಂ ನೇಮಕ ಲೋಕಸೇವಾ ಆಯೋಗದ, ಅಂದರೆ ಪಿ.ಎಸ್‌.ಸಿ. ಪಟ್ಟಿಯಿಂದ. ಹೆಂಚು ಒಡೆದರೆ ಪಂಚಾಯತು, ಮಾಷ್ಟ್ರು ಬಾರದಿದ್ದರೆ ಇಲಾಖೆ ಎಂದು ಇಟ್ಟುಕೊಳ್ಳಿ.

ಆದರೆ "ನಮ್ಮ ಕೈಯಲ್ಲಿಲ್ಲ" ಎಂದು ಪಂಚಾಯತು ಪೂರ್ತಿ ಕೈತೊಳೆದುಕೊಳ್ಳುವ ಹಾಗಿಲ್ಲ. ಸಂವಿಧಾನದ 350ಎ ವಿಧಿಯನ್ನು ಓದಿ: ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ, ಆ ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸಬೇಕು. ಸ್ಥಳೀಯ ಪ್ರಾಧಿಕಾರ ಎಂದರೆ ನಿಮ್ಮ ಪಂಚಾಯತೇ.

ವಾರ್ಡಿನ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಮತದಾರರಲ್ಲಿ ಶೇ. 10. ಸಂಚಾಲಕರು ವಾರ್ಡು ಮೆಂಬರು. ವಿಷಯವನ್ನು ಅಲ್ಲಿ ಎತ್ತಿ, ಮಿನಿಟ್ಸ್ ಪುಸ್ತಕದಲ್ಲಿ ಬರೆಸಿ, ಆಮೇಲೆ ಪಂಚಾಯತು ಸಮಿತಿಗೆ ಒಯ್ಯಿರಿ. ಹೆಚ್ಚಿನವರು ತಪ್ಪುವುದು ಒಕ್ಕಣೆಯಲ್ಲಿ. "ಇಂಥವರನ್ನು ವರ್ಗಾಯಿಸಲು ತೀರ್ಮಾನಿಸಲಾಯಿತು" ಎಂದು ಬರೆದರೆ ಅದು ಅಧಿಕಾರ ಮೀರಿದ ನಿರ್ಣಯ. ಸೆಕ್ರೆಟರಿ ಅದನ್ನು ಮರುಪರಿಶೀಲನೆಗೆ ಹಿಂದೆ ಕೊಡಬಹುದು, ಸರಕಾರಕ್ಕೂ ಕಳಿಸಬಹುದು. ಒಂಬುಡ್ಸ್‌ಮನ್ (ಸ್ಥಳೀಯ ಸಂಸ್ಥೆಗಳ ಮೇಲಿನ ದೂರು ವಿಚಾರಿಸುವವರು) ಅಥವಾ ಟ್ರಿಬ್ಯೂನಲ್‌ನ ಅಭಿಪ್ರಾಯ ಪಡೆದು ಸರಕಾರ ಅದನ್ನು ರದ್ದು ಮಾಡಬಹುದು. ಬದಲಿಗೆ ಕ್ಲಾಸು, ಮಕ್ಕಳ ಸಂಖ್ಯೆ, ಮಾಧ್ಯಮ, ಎಂದಿನಿಂದ ಪಾಠ ನಿಂತಿದೆ ಎಂಬ ತಾರೀಕು ಬರೆದು, "350ಎ ಪ್ರಕಾರ ಕನ್ನಡ ಬಲ್ಲ ಅಧ್ಯಾಪಕರನ್ನು ಒದಗಿಸುವಂತೆ ಕೋರಲಾಗಿದೆ" ಎಂದು ಮುಗಿಸಿ. ನಿರ್ಣಯದ ಒಂದೊಂದು ನಕಲು ಉಪಜಿಲ್ಲಾ ವಿದ್ಯಾಧಿಕಾರಿಗೂ (ಎ.ಇ.ಓ.) ಉಪನಿರ್ದೇಶಕರಿಗೂ (ಡಿ.ಡಿ.ಇ.) ಹೋಗಲಿ. ವ್ಯಕ್ತಿಯ ಹೆಸರು ಬೇಡ. ಆ ಅಧ್ಯಾಪಕರ ಮೇಲೆ ನಮಗೇನೂ ಸಿಟ್ಟಿಲ್ಲ, ಅವರನ್ನು ಕಳಿಸಿದ ಪಟ್ಟಿಯ ಮೇಲೆ ಮಾತ್ರ.

ವಕೀಲರು (ಕಾಸರಗೋಡು): ಒಂದು ಸೇರಿಸುತ್ತೇನೆ. 350ಎಯಲ್ಲಿರುವುದು "ಪ್ರಯತ್ನ" ಎಂಬ ಪದ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಮಾತೃಭಾಷಾ ಮಾಧ್ಯಮ "ಸಾಧ್ಯವಾದಷ್ಟು ಮಟ್ಟಿಗೆ" ಎನ್ನುತ್ತದೆ. ತಮಾಷೆ ಎಂದರೆ, 350ಎ ಬಗ್ಗೆ 2014ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ದೊಡ್ಡ ತೀರ್ಪು ಕರ್ನಾಟಕ ಸರಕಾರದ್ದೇ ಕೇಸು: ಮಾತೃಭಾಷಾ ಮಾಧ್ಯಮವನ್ನು ಹೇರಲು ಅದು ರಾಜ್ಯಕ್ಕೆ ಅಧಿಕಾರ ಕೊಡುವುದಿಲ್ಲ ಎಂದಿತು. ನಿಮ್ಮ ಕೇಸು ಬೇರೆ, ನೀವು ಕೇಳುತ್ತಿರುವುದು ಸೌಕರ್ಯ, ಹೇರಿಕೆ ಅಲ್ಲ. ಅರ್ಜಿಯಲ್ಲಿ "ಸೌಕರ್ಯ" ಎಂಬ ಪದವನ್ನೇ ಬಳಸಿ.

ಅರ್ಜಿಯ ಭಾಷೆಯ ವಿಷಯ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್ಟಿಗೆ, ಇಲಾಖಾ ಮುಖ್ಯಸ್ಥರ ಕಚೇರಿಗೆ, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಯ ಸ್ಥಳೀಯ ಸರಕಾರಿ ಕಚೇರಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಮೇಲಾಗಿ ಸಂವಿಧಾನದ 350ನೇ ವಿಧಿ: ದೂರನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು. ಕೌಂಟರಿನಲ್ಲಿ ವಾದ ಬೇಡ. ಈ ಎರಡನ್ನೂ ಅರ್ಜಿಯ ಮೊದಲ ಸಾಲಿನಲ್ಲೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ವಾಪಸು ಕೊಟ್ಟ ಅರ್ಜಿಗೆ ದಾಖಲೆಯೇ ಇರುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಇಂಗ್ಲಿಷಿನಲ್ಲಿ ಹಾಕಿ. ಆ ಕಾಯ್ದೆಯ 6ನೇ ಸೆಕ್ಷನಿನಲ್ಲಿ "ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ" ಎಂದಿದೆ, ಕನ್ನಡದಲ್ಲಿ ಬರೆದು ಅವರಿಗೆ ನೆಪ ಯಾಕೆ ಕೊಡುವುದು? ಫೀಸು 10 ರೂಪಾಯಿ. ಕೇಳಬೇಕಾದ್ದು ಮೂರು: ಆ ಶಾಲೆಯಲ್ಲಿ ಮಂಜೂರಾದ ಕನ್ನಡ ಮಾಧ್ಯಮ ಹುದ್ದೆಗಳೆಷ್ಟು, ಖಾಲಿ ಹುದ್ದೆಯನ್ನು ಪಿ.ಎಸ್‌.ಸಿ.ಗೆ ಯಾವ ತಾರೀಕಿಗೆ ತಿಳಿಸಿದ್ದಾರೆ, ತಿಳಿಸಿದ ಪತ್ರದಲ್ಲಿ ಮಾಧ್ಯಮ ಏನೆಂದು ನಮೂದಿಸಿದ್ದಾರೆ. ಮೂರನೆಯದೇ ಮುಖ್ಯ, ಕೆಳಗಿನ ಕಚೇರಿ "ಕನ್ನಡ ಮಾಧ್ಯಮ" ಎಂದು ಬರೆಯದಿದ್ದರೆ ಮೇಲಿನವರಿಗೆ ಗೊತ್ತಾಗುವುದು ಹೇಗೆ? ತಪ್ಪು ಕಚೇರಿಗೆ ಹಾಕಿದರೂ ಐದು ದಿನದೊಳಗೆ ಸರಿಯಾದಲ್ಲಿಗೆ ಕಳಿಸಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಅಪೀಲು.

ಪ್ರಶ್ನೆ ಕೇಳಿದವರು: ಹಾಗಾದರೆ ದಿಲ್ಲಿಗೆ ಬರೆದು ಪ್ರಯೋಜನ ಇಲ್ಲವೇ? ಕರ್ನಾಟಕ ಸರಕಾರ ಹೇಳಿದರೆ?

ವಕೀಲರು: ದಿಲ್ಲಿಗೆ ಬರೆಯಬಹುದು, ಆದೇಶ ನಿರೀಕ್ಷಿಸಬೇಡಿ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಕಮಿಷನರ್ ಇದ್ದಾರೆ. ಅವರು ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುತ್ತಾರೆ, ವರದಿ ಸಂಸತ್ತಿನ ಮುಂದೆ ಬರುತ್ತದೆ. ಒಬ್ಬ ಅಧ್ಯಾಪಕರನ್ನು ವರ್ಗಾಯಿಸುವ ಅಧಿಕಾರ ಅವರಿಗಿಲ್ಲ. 350ಎ ಅಡಿ ರಾಜ್ಯಕ್ಕೆ ನಿರ್ದೇಶನ ಕೊಡುವ ಅಧಿಕಾರ ರಾಷ್ಟ್ರಪತಿಗೆ ಇದೆ, ಆದರೆ ಅದು ಒಂದು ಶಾಲೆಗೆ ಏಳುವ ಆಯುಧ ಅಲ್ಲ. 347ನೇ ವಿಧಿಯನ್ನು ಹಿಡಿದು "ಕನ್ನಡಕ್ಕೆ ಅಧಿಕೃತ ಮಾನ್ಯತೆ" ಎನ್ನುವವರಿದ್ದಾರೆ. ಅಲ್ಲಿ ಬೇಕಾದ್ದು ಇಡೀ ರಾಜ್ಯದ ಜನಸಂಖ್ಯೆಯಲ್ಲಿ ಗಣನೀಯ ಪಾಲು. ಮಂಜೇಶ್ವರ ತಾಲೂಕಿನ ಬಲ ಅಲ್ಲಿ ಲೆಕ್ಕಕ್ಕೆ ಸಾಲದು.

ಕರ್ನಾಟಕದ ಆದೇಶ ಗಡಿಯ ತಲಪಾಡಿ ದಾಟುವುದಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಿಂದ ಶಾಲೆಗೆ ನೆರವು ಬರಬಹುದು, ಅಧ್ಯಾಪಕರ ನೇಮಕ ಆಗದು.

ಪ್ರಶ್ನೆ ಕೇಳಿದವರು: ಕನ್ನಡ ಅರ್ಜಿಯ ಜತೆ ಮಲಯಾಳ ಅನುವಾದವನ್ನೂ ಇಟ್ಟರೆ ಬೇಗ ಆಗಬಹುದೇ?

ನಿವೃತ್ತ ಪಂಚಾಯತು ಸೆಕ್ರೆಟರಿ: ಬೇಗ ಆಗಬಹುದು, ಆದರೆ ಫೈಲಿಗೆ ಹೋಗುವುದು ಅನುವಾದ ಮಾತ್ರ, ಉತ್ತರವೂ ಮಲಯಾಳದಲ್ಲೇ ಬರುತ್ತದೆ. ಅವಸರ ಇದ್ದದ್ದು ಪಾಠದ್ದು. ಅದಕ್ಕೆ ಪಿ.ಟಿ.ಎ.ಯವರು (ಹೆತ್ತವರ-ಅಧ್ಯಾಪಕರ ಸಂಘ), ಶಾಲಾ ನಿರ್ವಹಣಾ ಸಮಿತಿಯವರು ಹೆಡ್‌ಮಾಷ್ಟ್ರನ್ನು ಕಂಡು, ದಿನಗೂಲಿಯಲ್ಲಿ ಕನ್ನಡ ಬಲ್ಲವರನ್ನು ಇಟ್ಟುಕೊಳ್ಳಲು ಎ.ಇ.ಓ. ಅನುಮತಿ ಕೇಳಲಿ. ಸಮಿತಿಯಲ್ಲಿ ಮುಕ್ಕಾಲು ಪಾಲು ಹೆತ್ತವರೇ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ, ಹಾಗಾಗಿ ಅಲ್ಲಿ ನಿಮಗೇ ಬಹುಮತ. ಅರ್ಜಿ ಮಾತ್ರ ಕನ್ನಡದ್ದೊಂದೇ ಇರಲಿ, ಇನ್‌ವರ್ಡ್ ನಂಬರು (ಕಚೇರಿಯ ಸ್ವೀಕೃತಿ ಸಂಖ್ಯೆ) ಕೇಳಿ ಬರೆದುಕೊಳ್ಳಿ.