ಗಿಡಕ್ಕೆ ನೀರು ಹಾಯಿಸುವ ಪ್ರಾಜೆಕ್ಟ್: ಪಂಪ್ ಶುರುವಾದರೆ ಬೋರ್ಡ್ ರೀಸೆಟ್, ಹತ್ತು ನಿಮಿಷ ಅಂದರೆ ಹತ್ತೇ ಸೆಕೆಂಡು

ವಿಜ್ಞಾನ ಮೇಡಂ, ಜಯನಗರ:

9ನೇ ತರಗತಿಗೆ ಆರ್ಡುಯಿನೋ ಊನೋದಲ್ಲಿ (ಕೋಡ್ ಹಾಕಿ ಓಡಿಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಕುಂಡದ ಗಿಡಕ್ಕೆ ನೀರು ಹಾಯಿಸುವ ಪ್ರಾಜೆಕ್ಟ್ ನಡೀತಿದೆ. 32 ಮಕ್ಕಳು, ನಾಲ್ಕು ಜನಕ್ಕೊಂದು ಸೆಟ್. ಎರಡು ಕಡ್ಡಿಯ ತೇವದ ಸೆನ್ಸರ್, ನೀಲಿ ರಿಲೇ ಮಾಡ್ಯೂಲ್ (ಬೋರ್ಡ್ ಹೇಳಿದಾಗ ಪಂಪನ್ನ ಆನ್-ಆಫ್ ಮಾಡುವ ಸ್ವಿಚ್), ನೀರಲ್ಲಿ ಮುಳುಗಿಸುವ ಪುಟ್ಟ 3–6 ವೋಲ್ಟ್ ಪಂಪ್. ಬೋರ್ಡಿಗೆ ಕಂಪ್ಯೂಟರಿನ ಯುಎಸ್‌ಬಿ, ಪಂಪಿಗೂ ಬೋರ್ಡಿನ 5 ವೋಲ್ಟ್ ಪಿನ್ನೇ. ತೊಂದರೆ ಮೂರು. ಪಂಪ್ ಆನ್ ಆದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತೆ, ಅದೂ ಎಂಟರಲ್ಲಿ ಐದು ಗುಂಪಿಗೆ ಮಾತ್ರ. ಹತ್ತು ನಿಮಿಷಕ್ಕೊಮ್ಮೆ ತೇವ ನೋಡಲಿ ಅಂತ ಡಿಲೇ (ಇಷ್ಟು ಮಿಲಿಸೆಕೆಂಡು ಕಾಯಿ ಅನ್ನೋ ಆಜ್ಞೆ) ಒಳಗೆ 10*60*1000 ಬರೆದರೆ ಹತ್ತು ಸೆಕೆಂಡಿಗೇ ನೋಡುತ್ತೆ. ಸೆನ್ಸರ್ ಕಡ್ಡಿ ಎರಡೇ ವಾರಕ್ಕೆ ಕಪ್ಪಾಗಿದೆ. ಜೊತೆಗೆ, ಸರಿಯಾದ ಕೋಡ್ ಕೊಟ್ಟುಬಿಡೋದಾ, ಮಕ್ಕಳೇ ಹುಡುಕಲಿ ಅಂತ ಬಿಡೋದಾ? ವಾರಕ್ಕೆ 40 ನಿಮಿಷದ ಎರಡು ಪೀರಿಯಡ್ ಇದೆ, ಅಷ್ಟೇ.

ತಾಮ್ರದತಂತಿ:

ಮೊದಲನೆಯದು ಕರೆಂಟಿನ ಸಮಸ್ಯೆ, ಕೋಡಿನದಲ್ಲ. ಈ ಪಂಪು ಓಡುವಾಗ 100–200 ಮಿಲಿಆಂಪ್ ತಗೊಳ್ಳುತ್ತೆ, ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ಜೊತೆಗೆ ರಿಲೇ ಕಾಯಿಲ್‌ಗೆ ಸುಮಾರು 70. ಅಷ್ಟೂ ಒಂದು ತೆಳು ಯುಎಸ್‌ಬಿ ಕೇಬಲ್ಲಿನಿಂದ ಬರಬೇಕು. 5 ವೋಲ್ಟ್ ಕುಸಿದು ಚಿಪ್ ರೀಸೆಟ್ ಆಗುತ್ತೆ. ಕೇಬಲ್ಲು, ಜಂಪರ್ ವೈರು, ಯುಎಸ್‌ಬಿ ಪೋರ್ಟು ಗುಂಪಿಂದ ಗುಂಪಿಗೆ ಬೇರೆ. ಐದಕ್ಕೆ ಮಾತ್ರ ಯಾಕೆ ಅನ್ನೋದಕ್ಕೂ ಅದೇ ಉತ್ತರ.

ಇದನ್ನ ಮಲ್ಟಿಮೀಟರಲ್ಲಿ ಹಿಡಿಯೋಕೆ ಹೋಗಬೇಡಿ. ಕುಸಿತ ಕೆಲವೇ ಮಿಲಿಸೆಕೆಂಡು, ಮೀಟರ್ ಅಷ್ಟು ಚುರುಕಲ್ಲ, 4.9 ಅಂತಲೇ ತೋರಿಸುತ್ತೆ. ಬದಲಿಗೆ ಸೆಟಪ್ (ಬೋರ್ಡ್ ಶುರುವಾದಾಗ ಒಮ್ಮೆ ಮಾತ್ರ ಓಡುವ ಕೋಡ್ ಭಾಗ) ಒಳಗೆ ‘ಶುರು’ ಅಂತ ಸೀರಿಯಲ್ ಮಾನಿಟರಿಗೆ (ಬೋರ್ಡ್ ಕಳಿಸಿದ್ದನ್ನ ಕಂಪ್ಯೂಟರಲ್ಲಿ ತೋರಿಸುವ ಕಿಟಕಿ) ಪ್ರಿಂಟ್ ಮಾಡಿಸಿ. ಪಂಪ್ ಆನ್ ಆದಾಗಲೆಲ್ಲ ಮತ್ತೆ ‘ಶುರು’ ಬಂದರೆ ರೀಸೆಟ್ ಖಚಿತ. (ಮಾನಿಟರ್ ತೆರೆದಾಗಲೂ ಊನೋ ಒಮ್ಮೆ ರೀಸೆಟ್ ಆಗುತ್ತೆ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.) ಆಮೇಲೆ ಪಂಪಿನ ಒಂದು ವೈರ್ ಬಿಚ್ಚಿ ರಿಲೇ ಮಾತ್ರ ಓಡಿಸಿ. ರೀಸೆಟ್ ನಿಂತರೆ ಕಳ್ಳ ಯಾರು ಅಂತ ಮಕ್ಕಳೇ ಹೇಳ್ತಾರೆ.

ಪರಿಹಾರ: ಪಂಪಿಗೆ ಬೇರೆಯದೇ ಮೂರು ಎಎ ಸೆಲ್ಲಿನ ಹೋಲ್ಡರ್, 4.5 ವೋಲ್ಟ್ ಸಾಕು. ಸೆಲ್ಲಿನ ಪ್ಲಸ್ ರಿಲೇಯ ಕಾಮನ್ ತುದಿಗೆ, ನಾರ್ಮಲಿ ಓಪನ್ ತುದಿಯಿಂದ (ರಿಲೇ ಆನ್ ಆದಾಗ ಮಾತ್ರ ಕಾಮನ್ನಿಗೆ ಸೇರೋದು) ಪಂಪಿಗೆ, ಪಂಪಿನ ಇನ್ನೊಂದು ವೈರ್ ಸೆಲ್ಲಿನ ಮೈನಸ್ಸಿಗೆ. ಪಂಪಿನ ಎರಡು ವೈರಿಗೆ ಅಡ್ಡಲಾಗಿ 1ಎನ್4007 ಡಯೋಡ್ (ಮೋಟಾರ್ ಆಫ್ ಆದಾಗ ಏಳುವ ವೋಲ್ಟೇಜ್ ತಡೆಯೋಕೆ), ಬಿಳಿ ಪಟ್ಟಿ ಪ್ಲಸ್ ಕಡೆಗೆ. ಚೌಕದ 9 ವೋಲ್ಟ್ ಬ್ಯಾಟರಿ ಮಾತ್ರ ಬೇಡ, ಅದು ಹೊಗೆ ಡಿಟೆಕ್ಟರಿನಂಥ ಸಣ್ಣ ಹೊರೆಗೆ ಮಾಡಿದ ಸೆಲ್ಲು, ಮೋಟಾರ್ ಹೊರೆಗೆ ಬೇಗ ಸುಸ್ತಾಗುತ್ತೆ.

ಸೊನ್ನೆ_ಒಂದು:

ಎರಡನೆಯದು ನಿಮಗೆ ಸಿಕ್ಕ ಅತಿ ಒಳ್ಳೆ ಪಾಠ ಮೇಡಂ, ದಯವಿಟ್ಟು ನೀವೇ ಸರಿ ಮಾಡಿ ಕೊಡಬೇಡಿ.

ನಿಮ್ಮ ಊನೋದಲ್ಲಿ ಇಂಟ್ (ಪೂರ್ಣಾಂಕ ಇಡುವ ಬಗೆ) ಅಂದರೆ 16 ಬಿಟ್, ಗರಿಷ್ಠ 32767. 10, 60, 1000 ಮೂರೂ ಇಂಟ್, ಹಾಗಾಗಿ ಗುಣಾಕಾರವೂ ಇಂಟಲ್ಲೇ ನಡೆಯುತ್ತೆ. ಡಿಲೇಗೆ ದೊಡ್ಡ ಸಂಖ್ಯೆ ತಗೊಳ್ಳುವ ಶಕ್ತಿ ಇದೆ, ಆದರೆ ಅದರ ಕೈಗೆ ಬರುವ ಮೊದಲೇ ಸಂಖ್ಯೆ ಮುರಿದಿರುತ್ತೆ. 16 ಬಿಟ್ಟಲ್ಲಿ ಹಿಡಿಯೋದು 65536 ಬೆಲೆ ಮಾತ್ರ, ಅದು ತುಂಬಿದಾಗಲೆಲ್ಲ ಎಣಿಕೆ ಮತ್ತೆ ಮೊದಲಿಂದ. ಕರಿಹಲಗೆ ಮೇಲೆ ಲೆಕ್ಕ ಮಾಡಿಸಿ: 600000ರಲ್ಲಿ 65536 ಎಷ್ಟು ಸಲ? 9 ಸಲ, ಅಂದರೆ 589824. ಉಳಿದದ್ದು 10176. ಅಷ್ಟು ಮಿಲಿಸೆಕೆಂಡು ಅಂದರೆ 10.176 ಸೆಕೆಂಡು. ಸ್ಟಾಪ್‌ವಾಚ್ ಹಿಡಿದು ಅಳೆದರೆ ಹತ್ತೂಚಿಲ್ಲರೆ ಸೆಕೆಂಡೇ ಬರುತ್ತೆ. ಶೇಷ ಗೊತ್ತಿರುವ 9ನೇ ತರಗತಿ ಮಗುವಿಗೆ ಬೈನರಿಯ ಮಿತಿ ಇಷ್ಟು ಕಣ್ಣಿಗೆ ಕಟ್ಟುವ ಹಾಗೆ ಬೇರೆಲ್ಲೂ ಸಿಗಲ್ಲ.

ಐಡಿಇಯಲ್ಲಿ (ಕೋಡ್ ಬರೆದು ಬೋರ್ಡಿಗೆ ಹಾಕುವ ತಂತ್ರಾಂಶ) ಕಂಪೈಲರ್ ಎಚ್ಚರಿಕೆಗಳು ಮೊದಲಿಂದಲೇ ಆಫ್ ಇರುತ್ತವೆ. ಪ್ರಿಫರೆನ್ಸಸ್‌ನಲ್ಲಿ ‘ಆಲ್’ ಮಾಡಿದರೆ ಈ ಸಾಲಿಗೆ ಓವರ್‌ಫ್ಲೋ ಅಂತ ಕೂಗುತ್ತೆ. ಸರಿಪಡಿಸೋಕೆ 10ರ ಬಾಲಕ್ಕೆ ಯುಎಲ್ ಅಕ್ಷರ ಸೇರಿಸಿದರಾಯ್ತು (10UL), ಆಗ ಲೆಕ್ಕ 32 ಬಿಟ್ಟಲ್ಲಿ ನಡೆಯುತ್ತೆ.

ಕೋಡ್ ಕೊಡೋದಾ ಬಿಡೋದಾ ಅನ್ನೋದಕ್ಕೆ: ಎರಡು ಪೀರಿಯಡ್ಡಲ್ಲಿ ಖಾಲಿ ಹಾಳೆಯಿಂದ ಬರೆಸೋಕೆ ಆಗಲ್ಲ, ಸರಿಯಾದ್ದನ್ನ ಕೊಟ್ಟರೆ ಅಪ್‌ಲೋಡ್ ಒತ್ತಿ ಹರಟೆಗೆ ಕೂರ್ತಾರೆ. ಒಂದೇ ಒಂದು ತಪ್ಪಿರುವ ಕೋಡ್ ಕೊಡಿ, ಓಡಿಸುವ ಮೊದಲು ಏನಾಗಬಹುದು ಅಂತ ನೋಟ್‌ಬುಕ್ಕಲ್ಲಿ ಬರೆಸಿ. ಮೊದಲ ವಾರ ಪಂಪಿನ ಜಾಗದಲ್ಲಿ ಎಲ್‌ಇಡಿ, 330 ಓಮ್ ರೆಸಿಸ್ಟರ್ ಜೊತೆ. ನೀರು ಎರಡನೇ ವಾರಕ್ಕೆ.

ಕೆಮ್ಮಣ್ಣು:

ಕಡ್ಡಿ ಕಪ್ಪಾಗೋದು ಎಲೆಕ್ಟ್ರೋಲಿಸಿಸ್‌ನಿಂದ. ಒದ್ದೆ ಮಣ್ಣಲ್ಲಿ ಒಂದೇ ದಿಕ್ಕಿಗೆ ಸದಾ ಕರೆಂಟ್ ಹರಿದರೆ ಪ್ಲಸ್ ಕಡ್ಡಿಯ ಲೋಹ ಕರಗುತ್ತೆ. 10ನೇ ತರಗತಿಯ ರಸಾಯನಶಾಸ್ತ್ರ ನಿಮ್ಮ ಕುಂಡದಲ್ಲೇ ನಡೀತಿದೆ. ಸೆನ್ಸರಿನ ವಿಸಿಸಿಯನ್ನ (ಕರೆಂಟ್ ಒಳಬರುವ ಪಿನ್) 5 ವೋಲ್ಟಿಂದ ಬಿಚ್ಚಿ 7ನೇ ಪಿನ್ನಿಗೆ ಕೊಡಿ. ಪಿನ್ ಹೈ (ಆನ್) ಮಾಡಿ, 50 ಮಿಲಿಸೆಕೆಂಡು ಕಾದು, ಎ0 (ಸೆನ್ಸರಿನ ಸಂಖ್ಯೆ ಬರುವ ಪಿನ್) ಓದಿ, ಮತ್ತೆ ಲೋ (ಆಫ್). ಹತ್ತು ಸೆಕೆಂಡಿನ ತಪ್ಪು ಸರಿಹೋದ ಮೇಲೆ ಕಡ್ಡಿ ಇನ್ನೂ ಬಹಳ ಕಾಲ ಬಾಳುತ್ತೆ. ಮುಂದೆ ಕೊಳ್ಳುವಾಗ ಕೆಪಾಸಿಟಿವ್ ಸೆನ್ಸರ್ (ಲೋಹ ನೇರ ಮಣ್ಣಿಗೆ ತಾಗದ ಬಗೆ) ತಗೊಳ್ಳಿ, ಮೇಲಂಚಿನ ಬಿಡಿಭಾಗಗಳಿಗೆ ನೀರು ತಾಗದ ಹಾಗೆ ಉಗುರುಬಣ್ಣ ಹಚ್ಚಿ.

ಪಂಪ್ ಯಾವಾಗ ಆನ್ ಆಗಬೇಕು ಅಂತ ಅಂತರ್ಜಾಲದ ಕೋಡಲ್ಲಿರುವ ಮಿತಿಸಂಖ್ಯೆಯನ್ನ ನಂಬಬೇಡಿ. ನಮ್ಮ ಕೆಮ್ಮಣ್ಣಿಗೂ ತೆಂಗಿನ ನಾರಿನ ಪುಡಿಗೂ ಓದು ಬೇರೆ ಬೇರೆ. ಒಣ ಕುಂಡದಲ್ಲೊಮ್ಮೆ, ನೀರು ಹಾಕಿ ಹತ್ತು ನಿಮಿಷ ಬಿಟ್ಟು ಒಮ್ಮೆ ಓದಿ ಪ್ರತಿ ಗುಂಪೂ ತನ್ನದೇ ಸಂಖ್ಯೆ ಬರೆದುಕೊಳ್ಳಲಿ. ಮಿತಿಯೂ ಒಂದಲ್ಲ, ಎರಡಿರಲಿ (ಮಣ್ಣು ಒಣಗಿದಷ್ಟೂ ಸಂಖ್ಯೆ ಏರುತ್ತೆ): 650 ದಾಟಿದರೆ ಆನ್, 500ಕ್ಕೆ ಇಳಿದರೆ ಆಫ್, ಈ ಥರ. ಬೇಗ ಬೇಗ ಓದುವಾಗ ಒಂದೇ ಮಿತಿ ಇದ್ದರೆ ಅದರ ಆಸುಪಾಸಲ್ಲಿ ರಿಲೇ ಟಕಟಕ ಅಂತ ಕುಣಿಯುತ್ತೆ.

ವಿಜ್ಞಾನ ಮೇಡಂ, ಜಯನಗರ:

ಪಂಪ್ ಬಿಚ್ಚಿದೆವು, ‘ಶುರು’ ನಿಂತಿತು. ರಿಲೇ ಬದಲು ಟ್ರಾನ್ಸಿಸ್ಟರ್ (ಮೂರು ಕಾಲಿನ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿದರೆ ಹೇಗೆ? ಶನಿವಾರ ಬಿಡಿಭಾಗದ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗ್ತೀನಿ.

ಸೊನ್ನೆ_ಒಂದು:

ರಿಲೇ ಇರಲಿ ಅನ್ನೋದು ನನ್ನ ಅಭಿಪ್ರಾಯ. ಟಕ್ ಅನ್ನೋ ಸದ್ದು ಕೇಳುತ್ತೆ, ಹಿಂದಿನ ಬೆಂಚಿಗೂ ಕೋಡ್ ಏನು ಮಾಡಿತು ಅಂತ ತಿಳಿಯುತ್ತೆ.

ತಾಮ್ರದತಂತಿ:

ನಾನು ಒಪ್ಪಲ್ಲ, ರಿಲೇ ಮಾಡ್ಯೂಲ್ ಮುಚ್ಚಿದ ಡಬ್ಬ. ಒಂದೆರಡು ಗುಂಪಿಗಾದರೂ ಟ್ರಾನ್ಸಿಸ್ಟರ್ ಕೊಡಿ. ಬಿಸಿ547 ಬೇಡ, ಅದರ ಮಿತಿ 100 ಮಿಲಿಆಂಪ್. 2ಎನ್2222 ತನ್ನಿ, ಬೇಸಿಗೆ (ಬೋರ್ಡಿನ ಪಿನ್ ಸೇರುವ ಕಾಲು) ಅದೇ 330 ಓಮ್. ಇಲ್ಲಿ ಸೆಲ್ಲಿನ ಮೈನಸ್ಸೂ ಬೋರ್ಡಿನ ಗ್ರೌಂಡೂ ಸೇರಲೇಬೇಕು, ರಿಲೇಗೆ ಇದು ಬೇಕಿರಲಿಲ್ಲ. ಮಕ್ಕಳು ಮರೆಯೋದೂ ಇದನ್ನೇ. ಡಯೋಡ್ ಮೊದಲಿನ ಹಾಗೇ. ಇದರ ಪ್ಲಾಸ್ಟಿಕ್ ರೂಪ ಪಿಎನ್2222, ಪಿ2ಎನ್2222 ಅಂತ ಎರಡು ಬರುತ್ತೆ. ಅಂಗಡಿಯಲ್ಲಿ ಪಿ2ಎನ್2222 ಕೊಟ್ಟರೆ ಅದರ ಉಳಿದೆರಡು ಕಾಲುಗಳು, ಎಮಿಟರ್ ಮತ್ತು ಕಲೆಕ್ಟರ್, ಪಿಎನ್2222ಗಿಂತ ಅದಲುಬದಲು. ಮೇಲಿನ ಅಕ್ಷರ ಓದಿ ಆ ಕಂಪನಿಯ ಡೇಟಾಶೀಟ್ ನೋಡಿಯೇ ಚುಚ್ಚಿಸಿ. ಎಂಟು ಬೇಕಿದ್ದರೆ ಹನ್ನೆರಡು ತನ್ನಿ.