ಹಿಗ್ಗುವ ವಿಶ್ವದಲ್ಲಿ ನಿರ್ವಾತ ಸ್ಥಿತಿಯ ಆಯ್ಕೆ

ಪ್ರಶ್ನೆ: ಮಿಂಕೋವ್‌ಸ್ಕಿ ದೇಶಕಾಲದಲ್ಲಿ (ವಕ್ರತೆಯಿಲ್ಲದ, ಹಿಗ್ಗದ ದೇಶಕಾಲದಲ್ಲಿ) ಕಾಲದ ಸಮಮಿತಿಯೇ, ಅಂದರೆ ಎಲ್ಲ ಕ್ಷಣಗಳೂ ಒಂದೇ ಬಗೆಯವಾಗಿರುವುದೇ, ಧನ ಆವೃತ್ತಿಯ ತರಂಗಗಳನ್ನು ಗುರುತಿಸಿಕೊಡುವುದರಿಂದ ಕ್ವಾಂಟಂ ಕ್ಷೇತ್ರದ ನಿರ್ವಾತ ಸ್ಥಿತಿಯ (ಕಣಗಳಿಲ್ಲದ ಸ್ಥಿತಿಯ) ಬಗ್ಗೆ ಗೊಂದಲವಿಲ್ಲ. ಹಿಗ್ಗುತ್ತಿರುವ ವಿಶ್ವದಲ್ಲಿ ಆ ಸಮಮಿತಿ ಇಲ್ಲದಿರುವಾಗ ಬಂಚ್–ಡೇವಿಸ್ ನಿರ್ವಾತವೆಂಬ ನಿರ್ದಿಷ್ಟ ಸ್ಥಿತಿಯನ್ನೇ ಆರಿಸಿಕೊಳ್ಳಲು ಆಧಾರವೇನು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಆಧಾರವಿರುವುದು ಅತಿ ಕಿರಿದಾದ ತರಂಗಗಳಲ್ಲಿ. ಹಬಲ್ ತ್ರಿಜ್ಯಕ್ಕಿಂತ (ಬೆಳಕಿನ ವೇಗವನ್ನು ವಿಶ್ವ ಹಿಗ್ಗುವ ದರದಿಂದ ಭಾಗಿಸಿದಾಗ ಬರುವ ದೂರಕ್ಕಿಂತ) ಬಹಳ ಚಿಕ್ಕದಾದ ತರಂಗದ ಮೇಲೆ ದೇಶಕಾಲದ ವಕ್ರತೆಯ ಪ್ರಭಾವ ನಗಣ್ಯವಾದ್ದರಿಂದ, ಹಿಂದಿನ ಕಾಲಕ್ಕೆ ಸರಿದಂತೆ ಪ್ರತಿಯೊಂದು ತರಂಗವೂ ಮಿಂಕೋವ್‌ಸ್ಕಿ ನಿರ್ವಾತದ ರೂಪವನ್ನೇ ತಾಳಬೇಕೆಂದು ವಿಧಿಸಿದರೆ ಬಂಚ್–ಡೇವಿಸ್ ನಿರ್ವಾತ ದೊರೆಯುತ್ತದೆ. ಡಿ ಸಿಟ್ಟರ್ ಸಮಮಿತಿಯೊಂದೇ (ಸ್ಥಿರ ದರದಲ್ಲಿ ಹಿಗ್ಗುವ ಡಿ ಸಿಟ್ಟರ್ ವಿಶ್ವದ ಸಮಮಿತಿಯೊಂದೇ) ಸಾಲದು; ಅದನ್ನು ಉಳಿಸಿಕೊಳ್ಳುವ ಆಲ್ಫಾ ನಿರ್ವಾತಗಳೆಂಬ ಬೇರೆ ಸ್ಥಿತಿಗಳೂ ಇವೆ. ಅತಿ ಕಿರಿದಾದ ದೂರಗಳಲ್ಲಿ ಸ್ಥಿತಿಯು ಮಿಂಕೋವ್‌ಸ್ಕಿ ನಿರ್ವಾತದಂತೆಯೇ ವರ್ತಿಸಬೇಕೆಂಬ ಹ್ಯಾಡಮಾರ್ಡ್ ನಿಬಂಧನೆ ಅವುಗಳನ್ನು ಹೊರಗಿಡುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಬಲವಾದ ವಾದ.

ಉತ್ತರ 2: ಒಂದು ಎಚ್ಚರಿಕೆ ಅಗತ್ಯ. ದ್ರವ್ಯರಾಶಿಯಿಲ್ಲದ, ವಕ್ರತೆಯೊಡನೆ ನೇರ ಜೋಡಣೆಯಿಲ್ಲದ ಅದಿಶ ಕ್ಷೇತ್ರಕ್ಕೆ (ಪ್ರತಿ ಬಿಂದುವಿನಲ್ಲೂ ದಿಕ್ಕಿಲ್ಲದ ಒಂದೇ ಸಂಖ್ಯೆಯುಳ್ಳ ಕ್ಷೇತ್ರಕ್ಕೆ) ಡಿ ಸಿಟ್ಟರ್ ಸಮಮಿತಿಯುಳ್ಳ ನಿರ್ವಾತವೇ ಇಲ್ಲವೆಂದು ಬ್ರೂಸ್ ಆ್ಯಲನ್ 1985ರಲ್ಲಿ ತೋರಿಸಿದರು.

ಉತ್ತರ 3: ಆರಂಭದ ನಿರ್ವಾತವು ಮುಂದಿನ ಕಾಲದ ವೀಕ್ಷಕನಿಗೆ ಕಣಗಳಿಂದ ಕೂಡಿದ ಸ್ಥಿತಿಯಾಗಿ ಕಾಣಬಹುದೆಂಬುದನ್ನು 1960ರ ದಶಕದಲ್ಲಿ ಲಿಯೊನಾರ್ಡ್ ಪಾರ್ಕರ್ ಸ್ಪಷ್ಟಪಡಿಸಿದರು. ಹಿಗ್ಗುವಿಕೆಯಿಂದ ಧನ ಮತ್ತು ಋಣ ಆವೃತ್ತಿಗಳು ಬೆರೆತಾಗ ಕಣಗಳು ಹೀಗೆ ಕಾಣುತ್ತವೆ; ಅವು ಎಷ್ಟು ಬೆರೆತಿವೆ ಎಂಬುದನ್ನು ಬೊಗೊಲ್ಯುಬೊವ್ ಗುಣಾಂಕಗಳು ಅಳೆಯುತ್ತವೆ. ಫೋಟಾನ್‌ಗಳು ಮಾತ್ರ ಹೀಗೆ ಹುಟ್ಟುವುದಿಲ್ಲ, ಏಕೆಂದರೆ ನಾಲ್ಕು ಆಯಾಮಗಳಲ್ಲಿ ಮ್ಯಾಕ್ಸ್‌ವೆಲ್ ಸಮೀಕರಣಗಳು ಏಕರೂಪದ ಹಿಗ್ಗುವಿಕೆಯಿಂದ ಬದಲಾಗುವುದಿಲ್ಲ.