ರಿಯಾಕ್ಟ್ ಲೈಬ್ರರಿ ಆ್ಯಪ್‌ನ್ಯಾಗ ಹಾಕಿದ ಕೂಡ್ಲೆ ಹುಕ್ ಎರರ್, ಪಬ್ಲಿಶ್ ಮಾಡೂಕಿಂತ ಮೊದ್ಲ ಏನ್ ನೋಡ್ಬೇಕ್ರಿ?

ನವನಗರ_ಕೋಡರ್, ಬಾಗಲಕೋಟೆ:
ನಮಸ್ಕಾರ್ರಿ. ಇಳಕಲ್ ಸೀರಿ ಮಾರೋ ಮೂರು ಅಂಗಡಿಗೆ ಸೈಟ್ ಮಾಡಿಕೊಟ್ಟೀನಿ, ಮೂರಕ್ಕೂ ಅದ ಬಟನ್, ಅದ ಬಿಲ್ ಟೇಬಲ್, ಎಲ್ಲಾ ಕಾಪಿ ಪೇಸ್ಟ್. ಹೋದ ವಾರ ಒಂದ್ರಾಗ 1,25,000 ಅನ್ನೋದು 125,000 ಅಂತ ಬರಾಕತ್ತಿತ್ತು, ಸರಿ ಮಾಡಿದೆ, ಉಳಿದ ಎರಡ್ರಾಗ ಮಾಡೋದು ಮರತೇನಿ, ಅಂಗಡಿಯವ್ರ ಫೋನ್ ಬಂದ ಮ್ಯಾಲ ಗೊತ್ತಾತು. ಅದಕ್ಕ ಎಲ್ಲಾ ತೆಗದು ರಿಯಾಕ್ಟ್‌ನ್ಯಾಗ (ವೆಬ್ ಪುಟದ ಭಾಗ ಕಟ್ಟೋ ಜಾವಾಸ್ಕ್ರಿಪ್ಟ್ ಟೂಲ್) ಒಂದ ಲೈಬ್ರರಿ ಮಾಡಿ ವೀಟ್ ಅನ್ನೋ ಬಿಲ್ಡ್ ಟೂಲ್‌ನಿಂದ ಬಿಲ್ಡ್ ಮಾಡೀನಿ. ಲೈಬ್ರರಿ ಫೋಲ್ಡರ್‌ನ್ಯಾಗ ಚಲೋ ಓಡತೈತಿ, ಆ್ಯಪ್‌ಗೆ ಹಾಕಿದ್ರ "ಇನ್‌ವ್ಯಾಲಿಡ್ ಹುಕ್ ಕಾಲ್" ಅಂತೈತಿ, ಸ್ಟೈಲ್ ಸೈತ ಬರವಲ್ದು. ಎರಡು ದಿನ ಆತು, ದಾರಿ ಹೇಳ್ರಿ.

ಉದ್ಯಮಬಾಗ್_ಜೆಎಸ್, ಬೆಳಗಾವಿ:
ಪ್ಯಾಕೇಜ್ ಡಾಟ್ ಜೇಸನ್‌ನ್ಯಾಗ (ಪ್ರಾಜೆಕ್ಟಿಗೆ ಏನೇನ್ ಬೇಕು ಅಂತ ಬರಿಯೋ ಫೈಲ್) ರಿಯಾಕ್ಟ್ ಎಲ್ಲಿ ಬರದೀರಿ? ಡಿಪೆಂಡೆನ್ಸೀಸ್ ಒಳಗ ಇದ್ರ ಆ್ಯಪ್‌ದು ಒಂದು, ಲೈಬ್ರರಿದು ಒಂದು, ಎರಡು ರಿಯಾಕ್ಟ್ ಕೂಡ್ತಾವ. ಆ್ಯಪ್‌ನ ರೆಂಡರ್ ಮಾಡೋದು ಒಂದು, ನಿಮ್ಮ ಯೂಸ್‌ಸ್ಟೇಟ್ ಹುಕ್ (ಮಾಹಿತಿ ನೆನಪಿಡೋ ರಿಯಾಕ್ಟ್ ಫಂಕ್ಷನ್) ಹೋಗಿ ಕೇಳೋದು ಇನ್ನೊಂದನ್ನ, ಅದಕ್ಕ ಏನೂ ಗೊತ್ತಿರಂಗಿಲ್ಲ. ಆ್ಯಪ್ ಫೋಲ್ಡರ್‌ನ್ಯಾಗ ಎನ್‌ಪಿಎಂ (ಪ್ಯಾಕೇಜ್ ಹಾಕೋ, ಹಂಚೋ ಟೂಲ್) ಎಲ್‌ಎಸ್ ರಿಯಾಕ್ಟ್ ಹೊಡದು ಎಷ್ಟು ರಿಯಾಕ್ಟ್ ಅದಾವ ನೋಡ್ರಿ. ರಿಯಾಕ್ಟ್‌ನ ಪೀರ್‌ಡಿಪೆಂಡೆನ್ಸೀಸ್‌ಗೆ (ಆ್ಯಪ್‌ನ್ಯಾಗ ಇರೋದನ್ನ ಬಳಸ್ತೀನಿ ಅನ್ನೋ ಪಟ್ಟಿ) ಹಾಕ್ರಿ, ನಿಮ್ಮ ಡೆವಲಪ್‌ಮೆಂಟಿಗೆ ಡೆವ್‌ಡಿಪೆಂಡೆನ್ಸೀಸ್‌ನ್ಯಾಗೂ ಇರ್ಲಿ. ವೀಟ್ ಕಾನ್ಫಿಗ್‌ನ್ಯಾಗ ಎಕ್ಸ್‌ಟರ್ನಲ್ (ಬಿಲ್ಡ್‌ನ್ಯಾಗ ಸೇರಿಸಬ್ಯಾಡ) ಅಂತ ರಿಯಾಕ್ಟ್, ರಿಯಾಕ್ಟ್-ಡಾಮ್ ಜೋಡಿ ರಿಯಾಕ್ಟ್/ಜೆಎಸ್‌ಎಕ್ಸ್-ರನ್‌ಟೈಮ್ ಸೈತ ಬರೀರಿ, ಕಡೀದನ್ನ ಬಾಳ ಮಂದಿ ಬಿಟ್ಟಿರ್ತಾರ. ಸಿಎಸ್‌ಎಸ್ ಬ್ಯಾರೆ ಫೈಲ್ ಆಗಿ ಬರತೈತಿ, ಅದನ್ನ ಪ್ಯಾಕೇಜ್ ಡಾಟ್ ಜೇಸನ್‌ನ ಎಕ್ಸ್‌ಪೋರ್ಟ್ಸ್‌ನ್ಯಾಗ (ಹೊರಗ ಕೊಡೋ ಫೈಲ್ ಪಟ್ಟಿ) ಸೇರಿಸಿ ಆ್ಯಪ್‌ನ್ಯಾಗ ಇಂಪೋರ್ಟ್ ಮಾಡ್ಕೊಬೇಕು, ತಾನಾಗೇ ಬರಂಗಿಲ್ಲ.

ಗುಮ್ಮಟ_ಫ್ರಂಟೆಂಡ್, ವಿಜಯಪುರ:
ಮ್ಯಾಲಿನವ್ರು ಹೇಳಿದ್ದು ಖರೇ ಅದ. ನಂದೊಂದು ಮಾತು, ಎನ್‌ಪಿಎಂ ಪಬ್ಲಿಶ್ ಹೊಡಿಯೂ ಮೊದ್ಲ ಎನ್‌ಪಿಎಂ ಪ್ಯಾಕ್ ಹೊಡೀರಿ. ಒಂದು ಟಿಜಿಝಡ್ ಫೈಲ್ ಬರ್ತದ, ಒಳಗ ಏನೇನ್ ಅದ ಅಂತ ಪಟ್ಟಿನೂ ತೋರಸ್ತದ, ಅದೇ ಫೈಲ್‌ನ ಅಂಗಡಿ ಆ್ಯಪ್‌ಗೆ ಇನ್‌ಸ್ಟಾಲ್ ಮಾಡಿ ನೋಡ್ರಿ, ಲಿಂಕ್ ಮಾಡಿ ನೋಡಬ್ಯಾಡ್ರಿ, ಲಿಂಕ್‌ನಾಗೂ ಎರಡು ರಿಯಾಕ್ಟ್ ಆಗೋ ಕಾಟ ಅದ. ನಾ ಮೊದಲ ಸಲ ಪ್ಯಾಕ್ ನೋಡದೇ 1.0.0 ಹಾಕ್ದೆ. ಗಿಟ್‌ಇಗ್ನೋರ್‌ನಾಗ (ಗಿಟ್ ಬಿಡಬೇಕಾದ ಫೈಲ್ ಪಟ್ಟಿ) ಡಿಸ್ಟ್, ಅಂದ್ರ ಬಿಲ್ಡ್ ಆದ ಫೋಲ್ಡರ್ ಇತ್ತು, ಪ್ಯಾಕೇಜ್ ಡಾಟ್ ಜೇಸನ್‌ನಾಗ ಫೈಲ್ಸ್ ಅನ್ನೋ ಸಾಲು ನಾ ಬರದಿದ್ದಿಲ್ಲ, ಅದಿಲ್ಲಂದ್ರ ಎನ್‌ಪಿಎಂ ಗಿಟ್‌ಇಗ್ನೋರ್ ನೋಡೇ ಬಿಡ್ತದ, ಡಿಸ್ಟ್ ಇಲ್ಲದ ಪ್ಯಾಕೇಜ್ ಹೋತು. ಅನ್‌ಪಬ್ಲಿಶ್ ಮಾಡಿದ್ರೂ ಅದೇ ನಂಬರ್ ತಿರುಗಿ ಕೊಡೂದಿಲ್ಲ, 1.0.1 ಹಾಕ್ಬೇಕಾತು. ಅನ್‌ಪಬ್ಲಿಶ್‌ಗೂ 72 ತಾಸಿನ ಮ್ಯಾಲ ಷರತ್ತು ಬಾಳ ಅವ. 2016ರಾಗ ಲೆಫ್ಟ್-ಪ್ಯಾಡ್ ಅನ್ನೋ 11 ಸಾಲಿನ ಪ್ಯಾಕೇಜ್ ತೆಗದಾಗ ಬೇಬಲ್ ಅನ್ನೋ ಜಾವಾಸ್ಕ್ರಿಪ್ಟ್ ಟೂಲಿನ ಬಿಲ್ಡೇ ನಿಂತಿತ್ತು, ಆವಾಗಿಂದ ಬಿಗಿ ಮಾಡ್ಯಾರ, ಅದು ಸರಿ ಅದ ಅನಸ್ತದ ನನಗ. ಹೆಸರು ಆ್ಯಟ್ ಗುರುತಿನಿಂದ ಶುರು ಆಗೂದಿದ್ರ ಆ್ಯಕ್ಸೆಸ್ ಪಬ್ಲಿಕ್ ಅಂತ ಹೇಳ್ರಿ, ಇಲ್ಲಂದ್ರ ಪ್ರೈವೇಟ್ ಅಂತ ತಿಳಕೊಂಡು 402 ಎರರ್ ಕೊಡ್ತದ.

ನವನಗರ_ಕೋಡರ್, ಬಾಗಲಕೋಟೆ:
ಆತ್ರಿ ಸರ್! ಲೈಬ್ರರಿ ಡಿಪೆಂಡೆನ್ಸೀಸ್‌ನ್ಯಾಗ ರಿಯಾಕ್ಟ್ 18 ಕುಂತಿತ್ತು, ಆ್ಯಪ್ 19. ಪೀರ್‌ಗೆ ಹಾಕಿ ಎರಡೂ ಒಪ್ಪೂ ಹಂಗ ಬರದೆ, ಪ್ಯಾಕ್ ಮಾಡಿ ಹಾಕಿದ್ರ ಓಡಾಕತ್ತೈತಿ, ಸಿಎಸ್‌ಎಸ್‌ನೂ ಬಂತು. ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಇಎನ್-ಐಎನ್ ಕೊಟ್ಟ ಲಕ್ಷದ ಕಾಮಾ ಸೈತ ಒಂದ ಜಾಗದಾಗ ಕುಂತೈತಿ. ಇನ್ನೊಂದ ಕೇಳ್ತೀನಿ, ಪಬ್ಲಿಶ್ ಆದ ಮ್ಯಾಲ ಒಂದು ಪ್ರಾಪ್ (ಕಾಂಪೊನೆಂಟಿಗೆ ಕೊಡೋ ಇನ್‌ಪುಟ್) ಹೆಸರು ಬದಲ ಮಾಡಿದ್ರ 1.1.0 ಸಾಕೇನ್ರಿ?

ಉದ್ಯಮಬಾಗ್_ಜೆಎಸ್, ಬೆಳಗಾವಿ:
ಸಾಲಂಗಿಲ್ರಿ, 2.0.0. ಹಳೆ ಹೆಸರು ಬಳಸೋ ಅಂಗಡಿ ಆ್ಯಪ್ ಅಪ್‌ಡೇಟ್ ಮಾಡಿದ ಕೂಡ್ಲೆ ಮುರೀತೈತಿ. ಹಳೇ ಪ್ರಾಪ್ ಇಟ್ಟು ಹೊಸಾದು ಸೇರಿಸಿದ್ರ ಮಾತ್ರ 1.1.0.